ಮೂರನೆಯ ಮಾಳಿಗೆಯ ಹುಡುಗರನ್ನು ಮರೆತ ಲೇಖನ

ಮಾನ್ಯ ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಮುಂಬಯಿಯ ಫೋರ್ಟ್ ಭಾಗದ ಹಳೆಯ ಅಂಗಡಿಗಳ ಕುರಿತು ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದ್ದು ಸಂತೋಷಕ್ಕೆ, ಎರಡನೆಯ ಸಲ ಓದಿದ್ದು ತಪ್ಪು ಹುಡುಕುವುದಕ್ಕೆ. ಮುಚ್ಚಿ ನಲವತ್ತು ವರ್ಷ ದಾಟಿದ ಒಂದು ಡಿಪಾರ್ಟ್‌ಮೆಂಟ್ ಸ್ಟೋರನ್ನೂ ಅದರ ಮೂರನೆಯ ಮಾಳಿಗೆಯಲ್ಲಿದ್ದ ರೆಸ್ಟೋರೆಂಟನ್ನೂ ಲೇಖಕರು ಪ್ರೀತಿಯಿಂದ ನೆನೆದಿದ್ದಾರೆ. ತಾಯಿಯ ಕೈ ಹಿಡಿದುಕೊಂಡು ಹೋಗಿ ಐಸ್‌ಕ್ರೀಮ್ ತಿಂದು ಬಂದ ಮಗುವಿನ ನೆನಪು ಅದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಐಸ್‌ಕ್ರೀಮಿನ ಬಟ್ಟಲನ್ನು ಮೇಜಿಗೆ ತಂದಿಟ್ಟವರು ಯಾರು ಎಂಬಲ್ಲಿಗೆ ಬಂದಾಗ ಅವರು ‘ಪಾರ್ಸಿ ಅಡುಗೆಯವರು, ಬಿಳಿ ಕೋಟಿನ ಬಟ್ಲರುಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿದ್ದಾರೆ. 1964ರಿಂದ 1981ರವರೆಗೆ ಅದೇ ಮಾಳಿಗೆಯಲ್ಲಿ ದುಡಿದವನಾದ್ದರಿಂದ ಈ ಪತ್ರವನ್ನು ಬರೆಯಬೇಕಾಯಿತು. ಬಿಳಿ ಕೋಟು ಇದ್ದದ್ದು ನಿಜ. ಅದರೊಳಗಿದ್ದವರು ಕುಂದಾಪುರ, ಉಡುಪಿ, ಕಾರ್ಕಳ ಕಡೆಯ ಹುಡುಗರು.

ಲೇಖಕರು ಅಂಗಡಿಯ ಹೆಸರನ್ನು ಬರೆದಿದ್ದಾರೆ. ನಾನು ಬರೆಯುತ್ತಿಲ್ಲ. ಮುಂದೆ ಲೆಕ್ಕಪತ್ರದ ಒಂದು ಕಹಿ ವಿಷಯವನ್ನೂ ಹೇಳಬೇಕಾಗಿದೆ, ಅದಕ್ಕೆ ಉತ್ತರ ಕೊಡಬೇಕಾಗಿದ್ದವರು ಈಗ ಯಾರೂ ಉಳಿದಿಲ್ಲ, ಅವರ ಮೊಮ್ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ. ಫೋರ್ಟಿನ ಹಳಬರಿಗೆ ನಾಲ್ಕು ಸಾಲು ಓದುವಷ್ಟರಲ್ಲಿ ಯಾವ ಅಂಗಡಿ ಎಂದು ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಒಂದೇ ಸೂರಿನಡಿ ಎಲ್ಲ ಸರಕನ್ನೂ ಮಾರುವ ಪದ್ಧತಿಯನ್ನು ಮುಂಬಯಿಗೆ ತಂದದ್ದು 1999ರಲ್ಲಿ ಹಾಜಿ ಅಲಿಯ ಬಳಿ ತೆರೆದ ಕ್ರಾಸ್‌ರೋಡ್ಸ್ ಮಾಲ್ ಎಂಬ ಅರ್ಥ ಬರುವ ಮಾತೊಂದು ಲೇಖನದಲ್ಲಿದೆ. ಅದಕ್ಕಿಂತ ನೂರು ವರ್ಷ ಹಿಂದೆಯೇ ಈ ಊರಿಗೆ ಆ ಪದ್ಧತಿ ಬಂದಿತ್ತು. ಇಂದು ದಾದಾಭಾಯಿ ನವರೋಜಿ ರಸ್ತೆ ಎಂದು ಕರೆಯುವ ಅಂದಿನ ಹಾರ್ನ್‌ಬಿ ರೋಡಿನಲ್ಲಿ ವೈಟ್‌ಅವೇ ಲೇಡ್‌ಲಾ ಕಂಪೆನಿಯ ಅಂಗಡಿ ಇತ್ತು. 1882ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಆ ಕಂಪೆನಿಯ ಕೊಂಬೆಗಳು ಕೊಲಂಬೊ, ಸಿಂಗಪುರ, ಶಾಂಘೈವರೆಗೆ ಚಾಚಿದ್ದವು. ಸಾಲ ಕೊಡದೆ ನಗದಿಗೆ ಮಾತ್ರ ಮಾರುವ ಅಂಗಡಿ ಅದು ಎಂಬ ಕಾರಣಕ್ಕೆ ಅದರ ಹೆಸರನ್ನೇ ತಿರುಚಿ ‘ರೈಟ್‌ಅವೇ ಅಂಡ್ ಪೇಯ್ಡ್‌ಫಾರ್’ ಎಂದು ಆಡಿಕೊಳ್ಳುತ್ತಿದ್ದರಂತೆ. ವಿಲಾಯಿತಿ ಬಟ್ಟೆ ಮಾರುತ್ತಿದ್ದ ಆ ಕಟ್ಟಡವೇ ಮುಂದೆ ಖಾದಿ ಭಂಡಾರವಾದದ್ದು ಈ ರಸ್ತೆಯ ಚರಿತ್ರೆಯ ಒಂದು ಸ್ವಾರಸ್ಯ. ಕಾಲಾಘೋಡಾದಲ್ಲಿ ಡೇವಿಡ್ ಸಸೂನ್ ಗ್ರಂಥಾಲಯದ ಮಗ್ಗುಲಲ್ಲೇ ಇರುವ ಆರ್ಮಿ ಅಂಡ್ ನೇವಿ ಕಟ್ಟಡವೂ ಅಂಥದೇ ಅಂಗಡಿಯಾಗಿತ್ತು, ಈಗಲೂ ಅಲ್ಲಿ ಬಟ್ಟೆಯ ಮಳಿಗೆಯೇ ಇದೆ. 1897ರಲ್ಲಿ ಶುರುವಾದ ಅಕ್ಬರಲ್ಲೀಸ್ ನನ್ನ ಕಾಲದಲ್ಲಿ ವೀರ ನರಿಮನ್ ರಸ್ತೆಯಲ್ಲಿ ಜನ ಜಾತ್ರೆಯ ಹಾಗೆ ನುಗ್ಗುತ್ತಿದ್ದ ಅಂಗಡಿ. ಇವುಗಳ ಮಧ್ಯೆ ಹೆಸರಿನಲ್ಲೂ ಗಾತ್ರದಲ್ಲೂ ಸ್ವಲ್ಪ ಸಣ್ಣದಾಗಿ, ಆದರೆ ತನ್ನದೇ ಗಿರಾಕಿಗಳನ್ನು ಇಟ್ಟುಕೊಂಡು, ಒಂದು ಅಡ್ಡಗಲ್ಲಿಯ ಮೂಲೆಯಲ್ಲಿ ನಿಂತಿದ್ದದ್ದು ನಮ್ಮ ಅಂಗಡಿ.

ನಾನು ಬೊಂಬಾಯಿಗೆ ಬಂದದ್ದು 1964ರ ಜೂನ್ ತಿಂಗಳಲ್ಲಿ, ಹದಿನೈದನೆಯ ವಯಸ್ಸಿನಲ್ಲಿ. ಕೊಂಕಣ ರೈಲು ಬರಲು ಇನ್ನೂ ಮೂವತ್ತನಾಲ್ಕು ವರ್ಷ ಬಾಕಿಯಿದ್ದ ಕಾಲ. ಘಟ್ಟ ಹತ್ತಿ, ಬಸ್ಸು ರೈಲುಗಳನ್ನು ಬದಲಾಯಿಸುತ್ತ, ಊರಿನ ಒಬ್ಬ ಹಿರಿಯರ ಬೆನ್ನು ಹಿಡಿದುಕೊಂಡು ಬೋರಿಬಂದರಿನಲ್ಲಿ ಇಳಿದೆ. ಊರಿನ ಕೊನೆಯ ಟ್ರಾಮು ಬೋರಿಬಂದರಿನಿಂದ ದಾದರಿಗೆ ಓಡಿ ನಿಂತದ್ದು ಅದೇ ವರ್ಷದ ಮಾರ್ಚ್ 31ರಂದು. ಟ್ರಾಮನ್ನು ನೋಡುವ ಭಾಗ್ಯ ನನಗೆ ಸಿಗಲಿಲ್ಲ. ಅದರ ಹಳಿಗಳು ಮಾತ್ರ ಇನ್ನೂ ರಸ್ತೆಯಲ್ಲಿದ್ದವು. ಮಳೆಯಲ್ಲಿ ಅವುಗಳ ಮೇಲೆ ಕಾಲಿಟ್ಟು ಜಾರಿಬಿದ್ದದ್ದು ಈ ಊರಿನಲ್ಲಿ ನಾನು ಮಾಡಿದ ಮೊದಲ ಕೆಲಸ.

ಆಗ ಆ ರೆಸ್ಟೋರೆಂಟನ್ನು ಅಂಗಡಿಯ ಕಂಪೆನಿ ತಾನೇ ನಡೆಸುತ್ತಿರಲಿಲ್ಲ, ನಮ್ಮ ಕರಾವಳಿಯವರೇ ಆದ ಒಬ್ಬ ಗುತ್ತಿಗೆದಾರರಿಗೆ ಒಪ್ಪಿಸಿತ್ತು. ತಿಂಗಳಿಗೆ ಇಪ್ಪತ್ತೈದು ರೂಪಾಯಿ, ಎರಡು ಹೊತ್ತಿನ ಊಟ, ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಮಲಗಲು ಜಾಗ, ಇಷ್ಟಕ್ಕೆ ನಾನು ಮೋರಿಯಲ್ಲಿ, ಎಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ಬಸಿ ಕಪ್ಪು ತೊಳೆಯುವ ಮಾಣಿಯಾದೆ. ಮೋರಿಯಿಂದ ಫಡ್ಕೆ ಹಿಡಿದು ಮೇಜು ಒರೆಸುವ ಕೆಲಸಕ್ಕೆ, ಅಲ್ಲಿಂದ ನೀರು ಇಡುವುದಕ್ಕೆ, ಆಮೇಲೆ ಬಿಳಿ ಕೋಟು ತೊಟ್ಟು ಆರ್ಡರ್ ತೆಗೆದುಕೊಳ್ಳುವುದಕ್ಕೆ ಬಡ್ತಿಯಾಗುತ್ತ ಹೋಗುವುದು ಕ್ರಮ. ನನಗೆ ಕೋಟು ಸಿಕ್ಕಿದ್ದು ಮೂರನೆಯ ವರ್ಷದಲ್ಲಿ. ತೋಳು ನಾಲ್ಕು ಬೆರಳು ಉದ್ದವಾಗಿತ್ತು. ಹಿಂದಿನವನ ಕೋಟು ಅದು.

ಅಡುಗೆಯ ಮುಖ್ಯಸ್ಥರು ಪಾರ್ಸಿಯೂ ಅಲ್ಲ. ಅವರು ಗೋವೆಯ ಕ್ರೈಸ್ತರು, ಧೋಬಿ ತಲಾವಿನಲ್ಲಿ ತಮ್ಮ ಹಳ್ಳಿಯವರೇ ಸೇರಿ ನಡೆಸುತ್ತಿದ್ದ ‘ಕೂಡ್’ ಒಂದರಲ್ಲಿ ಇರುತ್ತಿದ್ದರು. ಊರಿನಿಂದ ಬಂದ ಗಂಡಸರು ಒಂದು ಪೆಟ್ಟಿಗೆ ಇಡುವಷ್ಟು ಜಾಗದ ಹಕ್ಕಿನಲ್ಲಿ ಇಡೀ ಬದುಕು ಸಾಗಿಸುತ್ತಿದ್ದ ಆ ಕೂಡ್‌ಗಳಿಗೂ ನಮ್ಮವರ ಚಾಳಿನ ಖೋಲಿಗಳಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ, ಆದ್ದರಿಂದಲೇ ಅವರಿಗೂ ನಮಗೂ ಬೇಗ ಹೊಂದಿಕೆಯಾಯಿತೆಂದು ತೋರುತ್ತದೆ. ಕೊಂಕಣಿ ಬಲ್ಲ ನಮ್ಮ ಹುಡುಗರು ಅವರೊಡನೆ ಕೊಂಕಣಿಯಲ್ಲಿ ಮಾತಾಡುತ್ತಿದ್ದರು, ಉಳಿದವರು ಬೈಗುಳಗಳಿಂದ ಆರಂಭಿಸಿ ನಿಧಾನವಾಗಿ ಭಾಷೆ ಕಲಿತೆವು. ಕಟ್ಲೆಟ್, ಪ್ಯಾಟಿಸ್, ಸೂಪು, ಕಸ್ಟರ್ಡ್, ಕ್ರಿಸ್‌ಮಸ್ಸಿನ ಕೇಕು ಇವೆಲ್ಲ ಅವರ ಕೈಯವು. ಕೇಕಿಗೆ ಹಾಕುವ ಒಣದ್ರಾಕ್ಷಿಯನ್ನು ನವೆಂಬರಿನಲ್ಲೇ ನೆನೆಹಾಕುತ್ತಿದ್ದರು. ರಾಜ್ಯದಲ್ಲಿ ಪಾನನಿಷೇಧ ಇದ್ದ ಕಾಲವಾದ್ದರಿಂದ ಕಿತ್ತಳೆ ರಸದಲ್ಲಿ ನೆನೆಹಾಕಿದೆ ಎಂದು ಎಲ್ಲರಿಗೂ ಹೇಳುತ್ತಿದ್ದರು. ಆ ಜಾಡಿಯ ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆ ಯಾವ ಕಿತ್ತಳೆಯದೂ ಆಗಿರಲಿಲ್ಲ, ನಾವು ಕೇಳಲಿಲ್ಲ.

ಲೇಖಕರು ಕೆಳಗಿನ ಅಂಗಡಿಯನ್ನು ಬಹಳ ಚೆನ್ನಾಗಿ ಬಣ್ಣಿಸಿದ್ದಾರೆ. ನೆಲಮಾಳಿಗೆಯಲ್ಲಿ ಸುಗಂಧ, ಸಾಬೂನು, ಪೆನ್ನು, ಕಾಗದ. ಮೊದಲನೆಯದರಲ್ಲಿ ಬಟ್ಟೆ ಮತ್ತು ದರ್ಜಿ. ಎರಡನೆಯದರಲ್ಲಿ ಪಿಂಗಾಣಿ, ಗಾಜು, ಪಾತ್ರೆ. ಆದರೆ ಗಿರಾಕಿಗೆ ಕಾಣದ ಒಂದು ಲೆಕ್ಕಾಚಾರ ಆ ಕಟ್ಟಡದೊಳಗಿತ್ತು. ಜಾಲರಿ ಬಾಗಿಲಿನ ಲಿಫ್ಟು ಮೂರನೆಯ ಮಾಳಿಗೆಗೆ ಜನರನ್ನು ಹೊತ್ತುಕೊಂಡು ಹೋಗುತ್ತಿತ್ತು, ಕೆಳಗೆ ಇಳಿಯುವವರನ್ನು ಮಾತ್ರ ಲಿಫ್ಟಿನವನು ವಯಸ್ಸಾದವರ ಹೊರತು ಹತ್ತಿಸಿಕೊಳ್ಳುತ್ತಿರಲಿಲ್ಲ. ಹೊಟ್ಟೆ ತುಂಬಿದ ಮನುಷ್ಯ ಮೆಟ್ಟಿಲಿಳಿದು ಪಿಂಗಾಣಿ, ಬಟ್ಟೆ, ಸಾಬೂನು ಇವುಗಳ ಮುಂದೆ ನಿಧಾನವಾಗಿ ನಡೆಯಬೇಕು. ಆ ಮೆಟ್ಟಿಲುಗಳು ಪ್ರತಿ ಮಾಳಿಗೆಯ ಒಂದು ಕೊನೆಯಲ್ಲಿ ಮುಗಿದು ಇನ್ನೊಂದು ಕೊನೆಯಲ್ಲಿ ಮತ್ತೆ ಶುರುವಾಗುತ್ತಿದ್ದವು. ನಮ್ಮ ಮ್ಯಾನೇಜರರು ಇದನ್ನು ಮುಚ್ಚಿಡುತ್ತಿರಲಿಲ್ಲ. ರೆಸ್ಟೋರೆಂಟಿನಲ್ಲಿ ಲಾಭ ಬರದಿದ್ದರೂ ಚಿಂತೆಯಿಲ್ಲ, ಜನ ಮೇಲೆ ಹತ್ತಿದರೆ ಸಾಕು ಎಂದು ಗುತ್ತಿಗೆದಾರರ ಮುಂದೆಯೇ ಹೇಳುತ್ತಿದ್ದರು. ಲಾಭ ಬೇಕಾಗಿದ್ದ ಗುತ್ತಿಗೆದಾರರಿಗೆ ಆ ಮಾತು ರುಚಿಸುತ್ತಿರಲಿಲ್ಲ.

ಕೊಳ್ಳುವ ಕ್ರಮವೂ ಈಗಿನವರಿಗೆ ವಿಚಿತ್ರವಾಗಿ ಕಂಡೀತು. ಒಂದು ಕೌಂಟರಿನಲ್ಲಿ ಸರಕು ಆರಿಸಿದರೆ ಅಲ್ಲಿನವರು ಕಾರ್ಬನ್ ಇಟ್ಟು ಕ್ಯಾಶ್ ಮೆಮೊ ಬರೆಯುವರು. ಅದನ್ನು ಹಿಡಿದು ಗಾಜಿನ ಗೂಡಿನಲ್ಲಿ ಕುಳಿತ ಕ್ಯಾಶಿಯರಿಗೆ ಹಣ ಕಟ್ಟಿ ಮುದ್ರೆ ಹಾಕಿಸಿಕೊಳ್ಳಬೇಕು. ಆಮೇಲೆ ಬಾಗಿಲ ಬಳಿಯ ಡೆಲಿವರಿ ಕೌಂಟರಿನಲ್ಲಿ ಕಟ್ಟಿಟ್ಟ ಪೊಟ್ಟಣ ಸಿಗುವುದು. ಒಂದು ಟವೆಲಿಗೆ ಮೂರು ಸಾಲು. ಬೈದುಕೊಳ್ಳುತ್ತಲೇ ಜನ ನಿಲ್ಲುತ್ತಿದ್ದರು. ಜೂನ್ ತಿಂಗಳಲ್ಲಿ ಶಾಲೆಯ ಸಮವಸ್ತ್ರಕ್ಕಾಗಿ ಬರುವ ತಂದೆತಾಯಂದಿರ ಸಾಲು ಮೆಟ್ಟಿಲವರೆಗೆ ಬರುವುದು, ಅದರಲ್ಲಿ ಮಾಟುಂಗ, ವಡಾಲದ ಕನ್ನಡ ಸಂಸಾರಗಳೂ ಇರುತ್ತಿದ್ದವು. ಹಟ ಮಾಡದೆ ಅಳತೆ ಕೊಟ್ಟರೆ ಮೇಲೆ ಐಸ್‌ಕ್ರೀಮ್ ಎಂದು ಮಕ್ಕಳಿಗೆ ಆಸೆ ತೋರಿಸುವುದು ವಾಡಿಕೆ. ಲೇಖಕರೂ ಅಂಥ ಒಂದು ಜೂನ್ ತಿಂಗಳಲ್ಲೇ ಬಂದಿದ್ದರೆಂದು ಅವರ ಬರಹದಿಂದ ಊಹಿಸುತ್ತೇನೆ. ನಾನೇ ಬಡಿಸಿದ್ದರೂ ಬಡಿಸಿರಬಹುದು.

ಆ ಕಾಲದ ಅಭಾವದ ವಿಚಾರ ಲೇಖನದಲ್ಲಿ ಎಲ್ಲೂ ಇಲ್ಲ. ಎಲ್ಲವೂ ಸಮೃದ್ಧವಾಗಿದ್ದ ಸುವರ್ಣಯುಗ ಎಂಬಂತೆ ಬರೆಯಲಾಗಿದೆ. 1965ರ ಯುದ್ಧದ ಹೊತ್ತಿನಲ್ಲಿ ಆಹಾರಧಾನ್ಯದ ಕೊರತೆ ಎಷ್ಟಿತ್ತೆಂದರೆ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟರು, ಸೋಮವಾರ ಸಂಜೆ ಹೋಟೆಲುಗಳು ಮುಚ್ಚಿದವು. ನಮ್ಮದೂ ಮುಚ್ಚಿತು. ಸಕ್ಕರೆಯ ಬಿಲ್ಲೆಗಳನ್ನು ಬಟ್ಟಲಲ್ಲಿ ತುಂಬಿ ಮೇಜಿನ ಮೇಲೆ ಇಡುವ ಪದ್ಧತಿ ನಿಂತು, ಒಂದು ಕಪ್ಪಿಗೆ ಎರಡೇ ಬಿಲ್ಲೆ ಎಂದು ಎಣಿಸಿ ಕೊಡುವ ನಿಯಮ ಬಂತು. ಕೈಚೀಲಕ್ಕೆ ಬಿಲ್ಲೆ ಇಳಿಬಿಡುವ ಗಿರಾಕಿಗಳಲ್ಲಿ ದೊಡ್ಡ ಮನೆತನದವರೂ ಇದ್ದರೆಂಬುದನ್ನು ಮೇಜು ಒರೆಸುವವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಮ್ಮ ಮಟ್ಟಿಗೆ ಆ ಸೋಮವಾರಗಳು ಹಬ್ಬದ ಹಾಗಿದ್ದವು. ಉಳಿದ ದಿನಗಳಲ್ಲಿ ಓಡಿಕೊಂಡು ಹೋಗಿ ಅರ್ಧ ತಾಸು ತಡವಾಗಿ ತಲುಪುತ್ತಿದ್ದ ರಾತ್ರಿಶಾಲೆಗೆ ಅಂದು ಮಾತ್ರ ಹೊತ್ತಿಗೆ ಸರಿಯಾಗಿ, ಸ್ನಾನ ಮಾಡಿಕೊಂಡು ಹೋಗುತ್ತಿದ್ದೆವು.

ರಾತ್ರಿಶಾಲೆಯ ಮಾತು ಬಂದದ್ದರಿಂದ ಅದನ್ನೂ ಸ್ವಲ್ಪ ಹೇಳಬೇಕು. ಹೋಟೆಲು, ಕ್ಯಾಂಟೀನು, ಮೀನಿನ ಬಂದರು, ಗಿರಣಿಗಳಲ್ಲಿ ಹಗಲು ದುಡಿಯುವ ಹುಡುಗರಿಗಾಗಿ ಮುಂಬಯಿ ಕನ್ನಡಿಗರು ಕಟ್ಟಿದ ರಾತ್ರಿಶಾಲೆಗಳಂಥ ಇನ್ನೊಂದು ಕೆಲಸವನ್ನು ಹೊರನಾಡಿನಲ್ಲಿ ನಾವು ಮಾಡಿಲ್ಲವೆಂದು ನನ್ನ ಎಣಿಕೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಮೊದಲುಗೊಂಡು ಹಲವು ಸಮಾಜಗಳ ಸಂಘಗಳು ಆ ಕೆಲಸಕ್ಕೆ ಕೈಹಾಕಿದ್ದವು. ಹಗಲು ಬೇರೆ ಶಾಲೆ ನಡೆಯುವ ಕಟ್ಟಡದಲ್ಲಿ ಸಂಜೆಯ ಹೊತ್ತು ನಮ್ಮ ತರಗತಿ, ಹತ್ತು ವರ್ಷದ ಮಕ್ಕಳಿಗಾಗಿ ಮಾಡಿಸಿದ ಬೆಂಚಿನಲ್ಲಿ ಇಪ್ಪತ್ತು ವರ್ಷದವರ ಮೊಣಕಾಲು ತೂರಿಸಿಕೊಂಡು ಕೂರುವುದು. ಪಾಠ ಹೇಳುವ ಮಾಸ್ತರರೂ ಹಗಲು ಎಲ್ಲೋ ಗುಮಾಸ್ತರಾಗಿದ್ದವರೇ. ಬೀಜಗಣಿತದ ನಡುವೆ ಯಾರಾದರೂ ತೂಕಡಿಸಿದರೆ ಅವರು ಬೈಯುತ್ತಿರಲಿಲ್ಲ, ಪಕ್ಕದವನ ಕೈಯಲ್ಲಿ ಕಿಟಕಿ ತೆರೆಸುತ್ತಿದ್ದರು. ನಮ್ಮ ರೆಸ್ಟೋರೆಂಟಿನ ಹಿರಿಯ ವೇಟರ್ ಒಬ್ಬರು, ನಾವು ಅಣ್ಣ ಎಂದೇ ಕರೆಯುತ್ತಿದ್ದವರು, ಓದುವ ಹುಡುಗರನ್ನು ಸಂಜೆ ಆರೂಕಾಲಕ್ಕೆ ಹಿಂದಿನ ಮೆಟ್ಟಿಲಿನಿಂದ ಇಳಿಸಿ, ಅವರ ಮೇಜುಗಳನ್ನು ತಾವೇ ನೋಡಿಕೊಳ್ಳುತ್ತಿದ್ದರು. ಅವರು ಸ್ವತಃ ಮೂರನೆಯ ಇಯತ್ತೆಯ ಆಚೆ ಹೋದವರಲ್ಲ. ಆಗ ಮಹಾರಾಷ್ಟ್ರದಲ್ಲಿ ಶಾಲೆಯ ಕೊನೆಯ ಪರೀಕ್ಷೆಯಾದ ಎಸ್ಸೆಸ್ಸಿ ಎಂದರೆ ಹನ್ನೊಂದನೆಯ ಇಯತ್ತೆ. 1969ರಲ್ಲಿ ಅದರ ಗಣಿತದಲ್ಲಿ ನಪಾಸಾಗಿ ಮರುವರ್ಷ ಪಾಸಾದೆ. ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲವೂ ಒಳ್ಳೆಯ ಅಂಕ ಬಂತು, ಅದಕ್ಕೆ ಮೆನು ಕಾರ್ಡಿಗೆ ಋಣಿ. ಕಾಗುಣಿತ ತಪ್ಪದೆ ಕಸ್ಟರ್ಡ್, ವಿನೆಗರ್, ಸ್ಯಾಂಡ್‌ವಿಚ್ ಬರೆಯಬಲ್ಲ ವಿದ್ಯಾರ್ಥಿ ತರಗತಿಯಲ್ಲಿ ನಾನೊಬ್ಬನೇ ಇದ್ದೆ.

1967ರಲ್ಲಿ ಕಂಪೆನಿ ಗುತ್ತಿಗೆಯನ್ನು ರದ್ದುಮಾಡಿ ರೆಸ್ಟೋರೆಂಟನ್ನು ತಾನೇ ವಹಿಸಿಕೊಂಡಿತು. ನಮ್ಮ ಹೆಸರುಗಳು ಮೊದಲ ಸಲ ಮಸ್ಟರಿನಲ್ಲಿ, ಎಂದರೆ ಕಂಪೆನಿಯ ಹಾಜರಿ ಪುಸ್ತಕದಲ್ಲಿ, ಏರಿದ್ದು ಆಗಲೇ. ಇಡ್ಲಿ ದೋಸೆ ಅಲ್ಲಿಗೆ ಬಂದದ್ದೂ ಆಗಲೇ. ಅದುವರೆಗೆ ಹಿಂದಿನ ಪಡಸಾಲೆಯಲ್ಲಿ ನಾವು ಉಣ್ಣುತ್ತಿದ್ದ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರಿನ ವಾಸನೆ ಹಿಡಿದು ಕೆಳಗಿನ ಕೌಂಟರುಗಳ ಗುಮಾಸ್ತರು ಮೇಲೆ ಬರುತ್ತಿದ್ದುದನ್ನು ಹೊಸ ಮ್ಯಾನೇಜರರು ಗಮನಿಸಿದ್ದರು. ಹಾಗಾಗಿ ಮಧ್ಯಾಹ್ನದ ಪಟ್ಟಿಯಲ್ಲಿ ದಕ್ಷಿಣ ಭಾರತದ ತಿಂಡಿ ಎಂದು ಒಂದು ಕಲಮು ಸೇರಿತು, ಊರಿನಿಂದ ಒಬ್ಬ ಭಟ್ಟರು ಬಂದರು, ಅವರ ಹಿಂದೆಯೇ ಒಂದು ರುಬ್ಬುವ ಕಲ್ಲೂ ಬಂತು. ನಾಲ್ಕು ಜನ ಸೇರಿ ಹಿಂದಿನ ಮೆಟ್ಟಿಲಿನಲ್ಲಿ ಹೊತ್ತು ತಂದು ಅಡುಗೆಮನೆಯಲ್ಲಿ ಕೂರಿಸಿದ ಆ ಕಲ್ಲಿನ ಸರಿಯಾಗಿ ಕೆಳಗೆ, ಎರಡನೆಯ ಮಾಳಿಗೆಯಲ್ಲಿ, ಗಾಜಿನ ಲೋಟಗಳ ಕಪಾಟು ಇದೆಯೆಂಬುದು ಯಾರಿಗೂ ಹೊಳೆದಿರಲಿಲ್ಲ. ಮೊದಲ ದಿನ ಹಿಟ್ಟು ರುಬ್ಬಲು ಶುರುಮಾಡಿದ ಹತ್ತು ನಿಮಿಷದಲ್ಲಿ ಕಪಾಟಿನ ಲೋಟಗಳೆಲ್ಲ ಒಂದಕ್ಕೊಂದು ತಾಕಿ ಜಲತರಂಗದ ಹಾಗೆ ಸದ್ದು ಮಾಡತೊಡಗಿ, ಪಿಂಗಾಣಿ ವಿಭಾಗದ ಮುಖ್ಯಸ್ಥರು ಭೂಕಂಪವೆಂದು ಗಿರಾಕಿಗಳನ್ನು ಹೊರಗೆ ಕಳಿಸಿದರು. ಅಂದಿನಿಂದ ಅಂಗಡಿ ತೆರೆಯುವುದಕ್ಕೆ ಮೊದಲೇ ರುಬ್ಬಿ ಮುಗಿಸಬೇಕೆಂಬ ಕಟ್ಟಳೆಯಾಯಿತು. ಭಟ್ಟರು ಬೆಳಗಿನ ನಾಲ್ಕು ಗಂಟೆಗೇ ಎದ್ದು ಕಲ್ಲಿನ ಮುಂದೆ ಕೂರುತ್ತಿದ್ದರು.

ದೋಸೆ ಬಂದಮೇಲೆ ಗಿರಾಕಿಗಳ ಬಗೆಯೇ ಬದಲಾಯಿತು. ಮೊದಲು ಪಾರ್ಸಿ ಹೆಂಗಸರು, ದೊಡ್ಡ ಕಚೇರಿಗಳ ಸಾಹೇಬರು, ಕ್ರಿಸ್‌ಮಸ್ಸಿನ ಖರೀದಿಗೆ ಬರುವ ಬಾಂದ್ರಾದ ಕುಟುಂಬಗಳು ಮಾತ್ರ ಬರುತ್ತಿದ್ದಲ್ಲಿ ಈಗ ಬ್ಯಾಂಕು, ವಿಮಾ ಕಚೇರಿಗಳ ಗುಮಾಸ್ತರು, ಹೈಕೋರ್ಟಿನ ಕಿರಿಯ ವಕೀಲರು, ಟೈಪಿಸ್ಟ್ ಹುಡುಗಿಯರು ಬರತೊಡಗಿದರು. ತಿಂಗಳ ಮೊದಲ ವಾರದಲ್ಲಿ ಕಟ್ಲೆಟ್, ಕೊನೆಯ ವಾರದಲ್ಲಿ ದೋಸೆ ಎಂದು ಅವರ ಆರ್ಡರಿನಿಂದಲೇ ನಾವು ತಾರೀಕು ಹೇಳುತ್ತಿದ್ದೆವು. 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ಗಲಭೆ ಎದ್ದು ನಮ್ಮವರ ಹೋಟೆಲುಗಳ ಗಾಜು ಪುಡಿಯಾದ ದಿನಗಳಲ್ಲಿ ಪಟ್ಟಿಯಿಂದ ‘ದಕ್ಷಿಣ ಭಾರತದ’ ಎಂಬ ಮಾತು ಮಾಯವಾಗಿ ‘ತಿಂಡಿ’ ಎಂಬಷ್ಟೇ ಉಳಿಯಿತು, ಒಂದು ತಿಂಗಳು ಗಿರಾಕಿಗಳ ಮುಂದೆ ಮರಾಠಿಯಲ್ಲೇ ಮಾತಾಡಬೇಕೆಂದು ನಮಗೆ ಅಪ್ಪಣೆಯಾಯಿತು. ದೋಸೆಯ ಖರ್ಚು ಆ ತಿಂಗಳೂ ಕಡಿಮೆಯಾಗಲಿಲ್ಲ. ತಿನ್ನುತ್ತಿದ್ದವರಲ್ಲಿ ಮುಕ್ಕಾಲು ಪಾಲು ಮರಾಠಿಯವರೇ, ಆ ದಿನಗಳಲ್ಲಿ ನಮ್ಮನ್ನು ದಾದರಿನವರೆಗೆ ಜೊತೆಗೆ ಕರೆದುಕೊಂಡು ಹೋಗಿ ಬಿಟ್ಟವರೂ ಅವರೇ.

ಇನ್ನು ಅಂಗಡಿ ಮುಚ್ಚಿದ ಕಾರಣ. ಮಾಲ್‌ಗಳು ಬಂದು ಇಂಥ ಅಂಗಡಿಗಳನ್ನು ನುಂಗಿದವು ಎಂದು ಲೇಖಕರು ಬರೆದಿದ್ದಾರೆ. ನಮ್ಮ ಅಂಗಡಿ ಮುಚ್ಚಿದ್ದು 1983ರಲ್ಲಿ, ಮೊದಲ ಮಾಲ್ ಬರುವುದಕ್ಕಿಂತ ಹದಿನಾರು ವರ್ಷ ಮುಂಚೆ. ಅದಕ್ಕೂ ಎರಡು ವರ್ಷ ಮೊದಲೇ ರೆಸ್ಟೋರೆಂಟು ಮುಚ್ಚಿತ್ತು. ಈ ಅನುಕ್ರಮವೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. ಅಂಗಡಿ ಸೋತದ್ದರಿಂದ ರೆಸ್ಟೋರೆಂಟು ಮುಚ್ಚಿತೆಂದು ಎಲ್ಲರೂ ತಿಳಿದಿದ್ದಾರೆ. ನಡೆದದ್ದು ಅದರ ತಿರುಗುಮುರುಗು.

ಆ ಕಟ್ಟಡದಲ್ಲಿ ಕಂಪೆನಿ ಬಾಡಿಗೆದಾರನಾಗಿತ್ತು. 1947ರ ಬೊಂಬಾಯಿ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಬಾಡಿಗೆಯೆಂದರೆ 1940ರ ಸೆಪ್ಟೆಂಬರಿನಲ್ಲಿ ಇದ್ದ ಬಾಡಿಗೆ. ಯುದ್ಧಕಾಲದ ತಾತ್ಕಾಲಿಕ ಏರ್ಪಾಡಾಗಿ ಹುಟ್ಟಿದ ಆ ಕಟ್ಟು, ಕಾಯಿದೆಯ ಅವಧಿಯನ್ನು ಮತ್ತೆ ಮತ್ತೆ ಹಿಗ್ಗಿಸುತ್ತ ಹೋದದ್ದರಿಂದ, ಶತಮಾನ ಮುಗಿಯುವವರೆಗೂ ನಿಂತಿತು. ಬಡ ಬಾಡಿಗೆದಾರನಿಗೆ ಅದು ದೊಡ್ಡ ಆಸರೆಯಾದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ನಾನೂ ಪರಳದ ಚಾಳಿನಲ್ಲಿ ಹನ್ನೊಂದು ವರ್ಷ ಅದರ ನೆರಳಿನಲ್ಲೇ ಇದ್ದವನು. ಆದರೆ ಫೋರ್ಟಿನ ನಡುವೆ ಮೂರು ಮಾಳಿಗೆಯ ಅಂಗಡಿಗೂ ಅದೇ ಲೆಕ್ಕ ಹಿಡಿದರೆ ಕಟ್ಟಡದ ಮಾಲೀಕ ರಿಪೇರಿಗೆ ಒಂದು ಕಾಸನ್ನೂ ಬಿಚ್ಚುವುದಿಲ್ಲ, ಬಾಡಿಗೆದಾರನಿಗೂ ಇನ್ನೊಬ್ಬರ ಸ್ವತ್ತಿಗೆ ಹಣ ಸುರಿಯುವ ಮನಸ್ಸಿರುವುದಿಲ್ಲ. ಮಳೆ ಇಬ್ಬರ ತಂಟೆಯನ್ನೂ ಕೇಳುವುದಿಲ್ಲ. ಮಂಗಳೂರು ಹೆಂಚು ಹೊದಿಸಿದ ಮಾಡಿನ ನೇರ ಕೆಳಗೆ ಇದ್ದದ್ದು ನಮ್ಮ ರೆಸ್ಟೋರೆಂಟು. 1975ರ ಸುಮಾರಿಗೆ ಒಂದು ಬಕೀಟು ಇಡುತ್ತಿದ್ದಲ್ಲಿ 1980ರ ಹೊತ್ತಿಗೆ ಹದಿನಾಲ್ಕು ಬಕೀಟು ಇಡುವಂತಾಯಿತು. ಗಿರಾಕಿಗಳು ಬಕೀಟುಗಳ ನಡುವೆ ದಾರಿ ಮಾಡಿಕೊಂಡು ಬಂದು, ತಮಗೆ ಗೊತ್ತಿದ್ದ ಒಣ ಮೇಜಿಗಾಗಿ ಕಾದು ನಿಲ್ಲುತ್ತಿದ್ದರು. ಕಬ್ಬಿಣದ ತೊಲೆಗಳು ತುಕ್ಕು ಹಿಡಿದು ಹೆಕ್ಕಳಿಕೆ ಏಳತೊಡಗಿದವು. ಕೊನೆಗೊಂದು ದಿನ ಮೂರನೆಯ ಮಾಳಿಗೆಯಲ್ಲಿ ಜನ ಸೇರುವುದು ಅಪಾಯವೆಂದು ನೋಟೀಸು ಬಂತು. ಮರದ ಟೇಕು ಕೊಟ್ಟು ನಿಲ್ಲಿಸಿದರು, ಮೇಜುಗಳನ್ನು ಮಡಿಸಿಟ್ಟರು, 1981ರ ಮಳೆಗಾಲ ಮುಗಿದ ಮೇಲೂ ಅವನ್ನು ಮತ್ತೆ ಹಾಸಲಿಲ್ಲ.

ಲಿಫ್ಟಿನಲ್ಲಿ ಮೇಲೆ ಹೋಗುವುದಕ್ಕೆ ಕಾರಣವೇ ಇಲ್ಲವಾದ ಮೇಲೆ ಮೆಟ್ಟಿಲಿನಲ್ಲಿ ಇಳಿದು ಬರುವವರೂ ಇಲ್ಲವಾದರು. ಎರಡನೆಯ ಮಾಳಿಗೆಯ ಪಿಂಗಾಣಿ ಮೊದಲು ಸತ್ತಿತು, ಆಮೇಲೆ ಬಟ್ಟೆ. ಬೇರೆ ಕಾರಣಗಳೂ ಇದ್ದವು. ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಕಳ್ಳಸಾಗಣೆಯ ವಿಲಾಯಿತಿ ಸೆಂಟು, ಕ್ಯಾಸೆಟ್ಟು ಬಿಚ್ಚಿಟ್ಟು ಮಾರುತ್ತಿದ್ದರು. ಕಚೇರಿಗಳು ನರಿಮನ್ ಪಾಯಿಂಟಿಗೆ ಹೋದವು, ಗುಮಾಸ್ತರ ಸಂಸಾರಗಳು ಬೊರಿವಿಲಿ, ಮುಲುಂಡ್, ಡೊಂಬಿವಿಲಿಗೆ ಹೋದವು. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದಿಂದ ಬಟ್ಟೆ ವಿಭಾಗಕ್ಕೆ ಬರುತ್ತಿದ್ದ ಸರಕೂ ನಿಂತಿತು, ಅದನ್ನು ಕೊಳ್ಳುವವರ ಕೈಯೂ ಬರಿದಾಯಿತು. ಆದರೂ ಇವೆಲ್ಲ ಕುಸಿಯುತ್ತಿದ್ದ ಮನೆಗೆ ಬಿದ್ದ ಏಟುಗಳು. ತೊಲೆ ಮೊದಲು ಕುಸಿದದ್ದು ಮೇಲಿನಿಂದ.

ಕಹಿ ವಿಷಯ ಹೇಳುತ್ತೇನೆಂದಿದ್ದೆ. 1972ರ ಗ್ರಾಚ್ಯುಟಿ ಕಾಯಿದೆಯಂತೆ, ಕೆಲಸ ಬಿಡುವಾಗಿನ ಇಡುಗಂಟಾಗಿ, ಒಂದು ವರ್ಷದ ಸೇವೆಗೆ ಹದಿನೈದು ದಿನದ ಸಂಬಳ, ತಿಂಗಳನ್ನು ಇಪ್ಪತ್ತಾರು ದಿನವೆಂದು ಲೆಕ್ಕಹಾಕಿ ಕೊಡಬೇಕಾಗಿತ್ತು. ನನ್ನ ಹದಿನೇಳು ವರ್ಷಗಳಲ್ಲಿ ಗುತ್ತಿಗೆಯ ಮೊದಲ ಮೂರು ವರ್ಷಗಳು ಯಾವ ಮಸ್ಟರಿನಲ್ಲೂ ಇರಲಿಲ್ಲ. ಉಳಿದ ಹದಿನಾಲ್ಕಕ್ಕೆ 210 ದಿನದ ಸಂಬಳ, ಎಂದರೆ ಎಂಟು ತಿಂಗಳಿಗಿಂತ ತುಸು ಹೆಚ್ಚು, ನಾಲ್ಕು ವರ್ಷ ಲೇಬರ್ ಆಫೀಸಿನ ಮೆಟ್ಟಿಲು ಹತ್ತಿಳಿದ ಮೇಲೆ ಕೈಗೆ ಬಂತು. ಕಂಪೆನಿಯ ಮೇಲೆ ನನಗೆ ಈಗ ಸಿಟ್ಟಿಲ್ಲ, ತಡವಾಗಿಯಾದರೂ ಕೊಟ್ಟಿತು. ಆ ಮೂರು ವರ್ಷಗಳ ಬಗ್ಗೆ ಒಂದು ಚೀಟಿ ಬರೆದುಕೊಡಿ ಎಂದು ಹಳೆಯ ಗುತ್ತಿಗೆದಾರರ ಮನೆಗೆ ಹೋದಾಗ, ಊರಿನ ದೇವಸ್ಥಾನಕ್ಕೆ ಬೆಳ್ಳಿಯ ಬಾಗಿಲು ಮಾಡಿಸುತ್ತಿದ್ದ ಅವರು ನನ್ನನ್ನು ಗುರುತೇ ಇಲ್ಲವೆಂದರು. ನಮ್ಮವರು ನಮ್ಮವರನ್ನು ಬೊಂಬಾಯಿಗೆ ಕರೆತಂದು ಅನ್ನ ಹಾಕಿದರೆಂದು ಸಭೆಗಳಲ್ಲಿ ಭಾಷಣವಾಗುವಾಗಲೆಲ್ಲ, ಅದು ಸುಳ್ಳಲ್ಲವೆಂದು ಗೊತ್ತಿದ್ದೂ, ನನಗೆ ಆ ಬಾಗಿಲು ಕಣ್ಣಿಗೆ ಬರುತ್ತದೆ.

ಕಟ್ಟಡ ಇನ್ನೂ ಇದೆ. 1995ರಲ್ಲಿ ಜಾರಿಗೆ ಬಂದ ಪಾರಂಪರಿಕ ಕಟ್ಟಡಗಳ ನಿಯಮಗಳಿಂದ ಅದರ ಮುಖ ಉಳಿದಿದೆ. ಕಮಾನು, ಕೆತ್ತನೆ, ಗೋಡೆಯ ಮೇಲಿನ ಸಿಂಹದ ತಲೆ ಎಲ್ಲವೂ ತೊಳೆದು ಬೆಳಗಿದಂತಿವೆ. ಒಳಗೆ ಮೊಬೈಲ್ ಅಂಗಡಿ, ಅದರ ಮೇಲೆ ಯಾವುದೋ ಕಂಪೆನಿಯ ಕಚೇರಿ. ನಿಯಮಗಳು ಗೋಡೆಯನ್ನು ಕಾಯುತ್ತವೆ, ಗೋಡೆಯೊಳಗೆ ಯಾರು ಏನು ಮಾಡುತ್ತಿದ್ದರೆಂಬುದನ್ನು ಬರೆದಿಡುವ ಕೆಲಸ ನಿಯಮಗಳದ್ದಲ್ಲ, ಅದು ನಿಮ್ಮಂಥ ಪತ್ರಿಕೆಗಳದ್ದು. ಹಾಗೆ ಬರೆಯುವಾಗ ಮೇಜಿನ ಈಚೆಗೆ ಕುಳಿತವರ ಜೊತೆಗೆ ಆಚೆ ನಿಂತವರನ್ನೂ ಒಂದು ಮಾತು ಕೇಳಬಹುದಿತ್ತೆಂಬುದಷ್ಟೇ ಲೇಖಕರಲ್ಲಿ ನನ್ನ ಅರಿಕೆ. ನಮ್ಮ ಪೈಕಿ ಐದಾರು ಜನ ಇನ್ನೂ ಇದ್ದೇವೆ. ನನ್ನ ಬಳಿ ಒಂದು ಮೆನು ಕಾರ್ಡು, ಎರಡು ಬಿಲ್ ಪುಸ್ತಕ, ಅಂಗಡಿಯ ಗುರುತು ಕೊರೆದ ಒಂದು ಮುಳ್ಳುಚಮಚ ಇವೆ. ಮುಂಬಯಿಯ ಯಾವುದೇ ಕನ್ನಡ ಸಂಘ ತನ್ನ ಕಪಾಟಿನಲ್ಲಿ ಇಡುತ್ತೇವೆಂದರೆ ಕೊಡಲು ಸಿದ್ಧ.

ಓದುಗರಲ್ಲಿ ಒಂದು ಕೋರಿಕೆಯೂ ಇದೆ. 1971ರ ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಮೂರನೆಯ ಮಾಳಿಗೆಯ ಕಿಟಕಿಗಳ ಮುಂದೆ ನಮ್ಮೆಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದು, ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಿದ್ದರು. ನನ್ನ ಪ್ರತಿ 2005ರ ಜುಲೈ 26ರ ಮಳೆಯಲ್ಲಿ, ಕುರ್ಲಾದ ನೆಲಮಾಳಿಗೆಯ ಖೋಲಿಗೆ ನೀರು ನುಗ್ಗಿದಾಗ, ಟ್ರಂಕಿನೊಳಗೇ ಕೊಳೆತುಹೋಯಿತು. ಯಾರ ಮನೆಯಲ್ಲಾದರೂ, ಊರಿನ ಹಳೆಯ ಗೋಡೆಯ ಮೇಲಾದರೂ, ಅದು ಉಳಿದಿದ್ದರೆ ಪತ್ರಿಕೆಯ ಕಚೇರಿಗೆ ತಿಳಿಸಬೇಕು. ಗುರುತು ಹಿಡಿಯುವುದು ಸುಲಭ. ಹಿಂದಿನ ಸಾಲಿನಲ್ಲಿ ಹನ್ನೆರಡು ಬಿಳಿ ಕೋಟುಗಳಿವೆ, ಮುಂದೆ ಕುರ್ಚಿಯ ಮೇಲೆ ಗೋವೆಯ ಅಡುಗೆಯವರೂ ಅವರ ಬಲಕ್ಕೆ ನಮ್ಮ ಅಣ್ಣನೂ ಕುಳಿತಿದ್ದಾರೆ, ಎಡಕ್ಕೆ ಕುರ್ಚಿ ಬೇಡವೆಂದ ಭಟ್ಟರು ರುಬ್ಬುವ ಕಲ್ಲಿನ ಮೇಲೆಯೇ ಕುಳಿತಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹೋಟೆಲ್ ನೌಕರ, ಡೊಂಬಿವಿಲಿ
(ಹೆಸರು ಮತ್ತು ವಿಳಾಸವನ್ನು ಪತ್ರಿಕೆಯ ಕಚೇರಿಗೆ ಪ್ರತ್ಯೇಕವಾಗಿ ಕೊಟ್ಟಿದ್ದೇನೆ)